ಮೊಬೈಲ್‌ಗೆ ಹೆದರಿದ ತಾಯಿ, ಮಗಳ ಮೊಬೈಲ್ ಓದುತ್ತಿದ್ದ ತಾಯಿ

ಗುರುತು ಸಿಗಬಾರದು ಅಂತ ಈ ಪ್ರಕರಣದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯೋದಕ್ಕೆ ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ. ವಿಷಯವೇ ಖಾಸಗಿತನದ್ದು, ಹಾಗಾಗಿ ಇದನ್ನು ಮೊದಲೇ ಹೇಳಿಬಿಡಬೇಕು ಅನಿಸಿತು.

ತಾಯಿಗೆ ನಲವತ್ತು ದಾಟಿದೆ. ಕಚೇರಿಯೊಂದರಲ್ಲಿ ಸಿಬ್ಬಂದಿಯ ದಾಖಲೆ ನೋಡಿಕೊಳ್ಳುವ ಕೆಲಸ. ನಿದ್ದೆ ಬರುತ್ತಿಲ್ಲ ಅಂತ ಆಪ್ತಸಲಹೆಗೆ ನನ್ನ ಹತ್ತಿರ ಬಂದರು. ಕೂತವರು ಮತ್ತೆ ಎದ್ದು, ಮೊಬೈಲ್ ಸ್ವಿಚ್ ಆಫ್ ಮಾಡಿ, ಅದನ್ನು ಹೊರಗಿನ ಕೋಣೆಯಲ್ಲಿಟ್ಟು ಬಂದರು. ಆಮೇಲೇ ಮಾತು ಶುರು ಮಾಡಿದ್ದು.

ಮಾಹಿತಿ ಸೋರಿಕೆಯ ಸುದ್ದಿಗಳನ್ನು ರಾತ್ರಿ ಒಂದಾದ ಮೇಲೊಂದು ಓದೋದು, ಹೆದರಿ ಪಾಸ್‌ವರ್ಡ್ ಬದಲಾಯಿಸೋದು, ಬದಲಾಯಿಸಿದ್ದು ಮರೆತುಹೋಗಿ ಬೆಳಗ್ಗೆ ಪರದಾಡೋದು. ಲ್ಯಾಪ್‌ಟಾಪ್ ಕ್ಯಾಮೆರಾಕ್ಕೆ ಟೇಪ್ ಅಂಟಿಸಿದ್ದರು. ಕುಟುಂಬದ ವಾಟ್ಸಾಪ್ ಗ್ರೂಪ್ ಬಿಟ್ಟಿದ್ದರು. 'ಆ ಆ್ಯಪ್‌ಗೆ ಪರ್ಮಿಷನ್ ಕೊಟ್ಟಿಲ್ಲ ಅಲ್ವಾ?' ಅಂತ ಗಂಡನನ್ನು ಪದೇ ಪದೇ ಕೇಳುತ್ತಿದ್ದರು. ಅವರು 'ಏನೂ ಆಗಲ್ಲ ಬಿಡು' ಅಂದರೆ ಸ್ವಲ್ಪ ಹೊತ್ತು ಸಮಾಧಾನ, ಆಮೇಲೆ ಮತ್ತೆ ಅದೇ ಪ್ರಶ್ನೆ.

ಇದೆಲ್ಲ ಶುರುವಾಗಿದ್ದು ಒಂದು ಜಾಹೀರಾತಿನಿಂದ. ತಂಗಿಯ ಮನೆಗೆ ಹೋಗಿದ್ದಾಗ ಮಂಡಿನೋವಿನ ಬಗ್ಗೆ ಮಾತಾಡಿದ್ದರಂತೆ. ಮಾರನೇ ದಿನ ಮೊಬೈಲ್ ತೆರೆದರೆ ಮಂಡಿಗೆ ಹಾಕೋ ಪಟ್ಟಿಯ ಜಾಹೀರಾತು! 'ಕೇಳಿಸ್ಕೋತಿದ್ದಾರೆ ಮೇಡಂ' ಅಂದರು. ಇನ್ನಷ್ಟು ಮಾತಾಡಿದ ಮೇಲೆ ಒಳಗಿದ್ದ ದೊಡ್ಡ ಭಯ ಹೊರಗೆ ಬಂತು. 'ಈಗ ಎಲ್ಲ ದೇಶದವರೂ ಅವೇ ನಾಲ್ಕು ಆ್ಯಪ್ ಬಳಸ್ತಾರೆ. ಹೀಗೇ ಆದರೆ ಲೋಕವೆಲ್ಲ ಒಂದೇ ಆಗಿಬಿಡುತ್ತೆ, ಎಲ್ಲರ ಮಾಹಿತಿಯೂ ಒಂದೇ ಕಡೆ ಸೇರುತ್ತೆ. ನನಗೆ ಇದು ಬೇಡ ಅಂತ ಎದ್ದು ಹೋಗೋಣ ಅಂದ್ರೆ ಬೇರೆ ಜಾಗವೇ ಇರಲ್ಲ.'

ಈ ಮಾತನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. ಆದರೆ ಸಲಹೆಗೆ ಮುಂಚೆ ಎರಡು ವಿಷಯ ಖಚಿತ ಮಾಡಿಕೊಳ್ಳಬೇಕಿತ್ತು. ನಿಜವಾಗಿಯೂ ಯಾರಾದರೂ ಅವರ ಮೇಲೆ ಕಣ್ಣಿಟ್ಟಿದ್ದಾರಾ? ಗಂಡ, ಹಳೆಯ ಸಂಬಂಧ, ಕಚೇರಿಯವರು, ಹೀಗೆ ಹತ್ತಿರದವರೇ ಕದ್ದು ನೋಡೋ ಆ್ಯಪ್ ಹಾಕಿರೋ ಸಂದರ್ಭಗಳಿವೆ. ಅಂಥ ಕಡೆ ಧೈರ್ಯ ತುಂಬಿ ಕಳಿಸಿದರೆ ಅಪಾಯ. ಅದಕ್ಕೇ ಒಬ್ಬರನ್ನೇ ಕೂರಿಸಿ ಕೇಳಿದೆ. ಹಾಗೇನೂ ಇರಲಿಲ್ಲ. ಎರಡನೆಯದು, 'ನಾನು ಅಂದ್ಕೊಂಡಿದ್ದು ತಪ್ಪೂ ಇರಬಹುದು' ಅಂತ ಅವರಿಗೆ ಅನ್ನಿಸುತ್ತಾ? ಅನ್ನಿಸುತ್ತಿತ್ತು. ಟಿವಿಯಲ್ಲಿ ತಮಗೇ ಅಂತ ಸಂದೇಶ ಬರ್ತಿದೆ, ತಮ್ಮೊಬ್ಬರ ವಿರುದ್ಧವೇ ಸಂಚು ನಡೀತಿದೆ ಅಂತ ಪೂರ್ತಿ ನಂಬಿದ್ದಿದ್ದರೆ ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇವರದು ಆತಂಕ. ನಿಜವಾದ ವಿಷಯವೊಂದನ್ನು ಹಿಡಿದುಕೊಂಡು, ಅಳತೆಯಿಲ್ಲದೆ ಬೆಳೆದ ಆತಂಕ.

'ನಿಮ್ಮನ್ನ ನೋಡೋಕೆ ಯಾರಿಗೆ ಪುರುಸೊತ್ತಿದೆ?' ಅಂತ ಇಂಥವರಿಗೆ ಎಲ್ಲರೂ ಹೇಳ್ತಾರೆ. ದಯವಿಟ್ಟು ಹೇಳಬೇಡಿ. ಅದು ನೋಯಿಸೋ ಮಾತು, ನಿಜವೂ ಅಲ್ಲ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅನ್ನೋ ಗುತ್ತಿಗೆ ಉದ್ಯೋಗಿ ಹೊರಗೆ ತಂದ ದಾಖಲೆಗಳಿಂದ, ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಸಾಮಾನ್ಯ ಜನರ ಫೋನ್ ವಿವರಗಳನ್ನೂ ರಾಶಿರಾಶಿಯಾಗಿ ಕೂಡಿಡುತ್ತಿದ್ದದ್ದು ಗೊತ್ತಾಯಿತು. ಕೇಂಬ್ರಿಡ್ಜ್ ಅನಲಿಟಿಕಾ ಅನ್ನೋ ಚುನಾವಣಾ ಪ್ರಚಾರದ ಕಂಪನಿ ಫೇಸ್‌ಬುಕ್ ಬಳಕೆದಾರರ ಮಾಹಿತಿ ಪಡೆದಿದ್ದ, 2018ರಲ್ಲಿ ಬಯಲಾದ ಪ್ರಕರಣದಲ್ಲಿ ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಹಾಕಿಕೊಂಡವರು ಸುಮಾರು 2.7 ಲಕ್ಷ ಜನ. ಫೇಸ್‌ಬುಕ್ ತಾನೇ ಕೊಟ್ಟ ಲೆಕ್ಕದಲ್ಲಿ, ಮಾಹಿತಿ ಹೋಗಿರಬಹುದಾದವರು 8.7 ಕೋಟಿ. ಉಳಿದವರ ತಪ್ಪೇನು? ಆ್ಯಪ್ ಹಾಕಿಕೊಂಡವರ ಫೇಸ್‌ಬುಕ್ ಸ್ನೇಹಿತರಾಗಿದ್ದದ್ದು, ಅಷ್ಟೇ. ಇದನ್ನು ಹೇಳಿದಾಗ ಅವರು ಇನ್ನೂ ಹೆದರಬಹುದು ಅಂದುಕೊಂಡಿದ್ದೆ. ಹಾಗಾಗಲಿಲ್ಲ, ಕುರ್ಚಿಗೆ ಒರಗಿ ಕೂತರು. ಅವರ ಭಯಕ್ಕೆ ಆಧಾರ ಇದೆ ಅಂತ ಅಷ್ಟು ದಿನದಲ್ಲಿ ಯಾರೂ ಹೇಳಿರಲಿಲ್ಲ.

ಆಮೇಲೆ ಮಂಡಿಯ ಜಾಹೀರಾತಿನ ವಿಷಯಕ್ಕೆ ಬಂದೆವು. ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,000ಕ್ಕೂ ಜಾಸ್ತಿ ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷೆ ಮಾಡಿ 2018ರಲ್ಲಿ ವರದಿ ಕೊಟ್ಟರು. ಕದ್ದು ಮೈಕ್ ಆನ್ ಮಾಡಿ ಮಾತು ಕಳಿಸುತ್ತಿದ್ದ ಒಂದು ಆ್ಯಪ್ಪೂ ಅವರಿಗೆ ಸಿಗಲಿಲ್ಲ. ಆದರೆ ಕೆಲವು ಆ್ಯಪ್‌ಗಳು ಪರದೆಯ ಮೇಲಿನದನ್ನು ಚಿತ್ರ, ವಿಡಿಯೊ ಮಾಡಿ ಬೇರೆಯವರಿಗೆ ಕಳಿಸುತ್ತಿದ್ದದ್ದು ಸಿಕ್ಕಿತು. ಈ ಎರಡನ್ನೂ ಹೇಳಿ, 'ನೀವು ಮಾತಾಡಿದ ಮೇಲೆ ತಂಗಿ ಏನಾದರೂ ಹುಡುಕಿದ್ದರಾ?' ಅಂತ ಕೇಳಿದೆ. ಹುಡುಕಿದ್ದರಂತೆ, ಅಲ್ಲಿ ಕೂತೇ. ಇಬ್ಬರ ಮೊಬೈಲೂ ಆ ಮನೆಯ ವೈಫೈನಲ್ಲೇ ಇತ್ತು. ಒಂದೇ ವೈಫೈ, ಒಂದೇ ಲೊಕೇಶನ್, ಒಬ್ಬರ ಕಾಂಟ್ಯಾಕ್ಟ್‌ನಲ್ಲಿ ಇನ್ನೊಬ್ಬರ ನಂಬರ್. ಜಾಹೀರಾತಿನವರಿಗೆ ಊಹೆ ಮಾಡೋಕೆ ಇಷ್ಟು ಸಾಕು, ಮೈಕ್ ಬೇಕಾಗೇ ಇಲ್ಲ.

'ಇದು ಇನ್ನೂ ಭಯ ಅಲ್ವಾ ಮೇಡಂ?' ಅಂದರು.

ಭಯ ಹೌದು, ಆದರೆ ಈ ಭಯಕ್ಕೆ ಮಾಡೋಕೆ ಕೆಲಸ ಇದೆ. ಕಾಗದ ಕೊಟ್ಟೆ. ಯಾರು, ಏನನ್ನು ನೋಡ್ತಾರೆ, ನೋಡಿ ಏನು ಮಾಡ್ತಾರೆ, ಬರೀರಿ ಅಂದೆ. 'ಯಾರು' ಅನ್ನೋ ಕಡೆ ಅವರು ಮೊದಲು ಬರೆದದ್ದು 'ಎಲ್ಲರೂ' ಅಂತ. ಪೆನ್ನು ಅಲ್ಲೇ ನಿಂತಿತು, ಯಾಕಂದರೆ 'ಎಲ್ಲರೂ' ಅಂತ ಬರೆದ ಮೇಲೆ ಮುಂದಿನ ಎರಡು ಪ್ರಶ್ನೆಗೆ ಉತ್ತರ ಹೊಳೆಯಲ್ಲ. ಅದನ್ನು ಹೊಡೆದುಹಾಕಿ ಮತ್ತೆ ಶುರು ಮಾಡಿದರು. ಖಾತೆಗೆ ಕೈಹಾಕೋ ಕಳ್ಳ ಬೇರೆ, ಜಾಹೀರಾತಿನ ಕಂಪನಿ ಬೇರೆ, ಸರ್ಕಾರ ಬೇರೆ, ಕುತೂಹಲದ ನೆಂಟರು ಬೇರೆ. ಕಳ್ಳನಿಗೆ ಗಟ್ಟಿ ಪಾಸ್‌ವರ್ಡ್, ಅದರ ಜೊತೆ ಇನ್ನೊಂದು ಕೋಡ್ ಕೇಳೋ ಎರಡು ಹಂತದ ಪರಿಶೀಲನೆ ಸಾಕಷ್ಟು ತಡೆ ಹಾಕುತ್ತೆ. ಕಂಪನಿಗೆ ಕೊಟ್ಟ ಪರ್ಮಿಷನ್ ವಾಪಸ್ ತಗೋಬಹುದು. ಸರ್ಕಾರದ ಕಣ್ಗಾವಲಿಗೆ ಒಬ್ಬರೇ ರಾತ್ರಿಯೆಲ್ಲ ಎದ್ದು ಕೂತರೆ ಏನೂ ಆಗಲ್ಲ, ಅದಕ್ಕೆ ಕಾನೂನು ಬೇಕು, ಜೊತೆಗೆ ದನಿ ಎತ್ತೋ ಜನ ಬೇಕು.

ಕ್ಯಾಮೆರಾದ ಟೇಪ್ ಹಾಗೇ ಇರಲಿ ಅಂದೆ. ಅದರಿಂದ ನಷ್ಟವಿಲ್ಲ. ದಿನಾ ಪಾಸ್‌ವರ್ಡ್ ಬದಲಾಯಿಸೋದನ್ನು ಮಾತ್ರ ನಿಲ್ಲಿಸಬೇಕಿತ್ತು. ಸುಮ್ನೆ ಆಗಾಗ ಪಾಸ್‌ವರ್ಡ್ ಬದಲಾಯಿಸಲು ಒತ್ತಾಯಿಸಬೇಡಿ, ಸೋರಿಕೆಯಾದ ಸುಳಿವು ಸಿಕ್ಕರೆ ಬದಲಾಯಿಸಿ ಅಂತ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಒಂದೊಂದು ಖಾತೆಗೂ ಬೇರೆಯದೇ ಆದ, ಉದ್ದನೆಯ ಪಾಸ್‌ವರ್ಡ್, ಅವನ್ನೆಲ್ಲ ನೆನಪಿಟ್ಟುಕೊಳ್ಳೋಕೆ ಪಾಸ್‌ವರ್ಡ್ ಮ್ಯಾನೇಜರ್ ಅನ್ನೋ ಒಂದು ಆ್ಯಪ್. ಸೋರಿಕೆಯ ಸುದ್ದಿ ಓದೋದಿದ್ದರೆ ಸಂಜೆ, ಇಪ್ಪತ್ತು ನಿಮಿಷ, ಗಡಿಯಾರ ನೋಡಿಕೊಂಡು. ರಾತ್ರಿ ತಲೆಗೆ ಬಂದ ಚಿಂತೆಯನ್ನು ಕಾಗದದಲ್ಲಿ ಬರೆದು ಆ ಇಪ್ಪತ್ತು ನಿಮಿಷಕ್ಕೆ ತಳ್ಳೋದು. ಮೊದಲ ವಾರ ಇದು ಕಷ್ಟ ಆಯಿತು, ಆಮೇಲೆ ಕೈ ಹತ್ತಿತು.

ಇನ್ನು ಲೋಕ ಒಂದಾಗೋ ಭಯ. ಮಾಹಿತಿ ಕೆಲವೇ ಕಂಪನಿಗಳ ಕೈಗೆ ಸೇರ್ತಿರೋದು ನನಗೂ ಚಿಂತೆಯ ವಿಷಯವೇ, ಅದನ್ನು ಅವರ ಹತ್ತಿರ ಮುಚ್ಚಿಡಲಿಲ್ಲ. ಆದರೆ ತಂತಿ ಎಳೆದ ಮಾತ್ರಕ್ಕೆ ಲೋಕ ಒಂದಾಗಲ್ಲ. 1858ರಲ್ಲಿ ಅಟ್ಲಾಂಟಿಕ್ ಸಮುದ್ರದಡಿ ಮೊದಲ ಟೆಲಿಗ್ರಾಫ್ ಕೇಬಲ್ ಹಾಕಿದಾಗ, ಇನ್ನು ದೇಶಗಳ ನಡುವೆ ಶಾಂತಿ ನೆಲೆಸುತ್ತೆ ಅಂತ ಜನ ಸಂಭ್ರಮಪಟ್ಟರು. ಆ ಕೇಬಲ್ ಸುಮಾರು ಮೂರು ವಾರಕ್ಕೇ ಕೆಟ್ಟಿತು. 1866ರಲ್ಲಿ ಬಾಳಿಕೆ ಬರೋ ಕೇಬಲ್ ಬಂತು, ಯುದ್ಧಗಳೇನೂ ನಿಲ್ಲಲಿಲ್ಲ. ಜನ ಹತ್ತಿರ ಬಂದರೂ ಬೇರೆ ಬೇರೆಯಾಗೇ ಉಳಿದರು.

ಎದ್ದು ಹೋಗೋಕೆ ಜಾಗ ಇರಲ್ಲ ಅಂದಿದ್ದರಲ್ಲ, ಅದಕ್ಕೆ ಮ್ಯಾಕ್ಸ್ ಶ್ರೆಮ್ಸ್ ಕಥೆ ಹೇಳಿದೆ. ಆಸ್ಟ್ರಿಯಾದ ಈ ಕಾನೂನು ವಿದ್ಯಾರ್ಥಿ 2011ರಲ್ಲಿ, ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ಕೊಡಿ ಅಂತ ಫೇಸ್‌ಬುಕ್ಕನ್ನು ಕೇಳಿದರು. ಬಂದದ್ದು 1,200 ಪುಟಕ್ಕೂ ಜಾಸ್ತಿ. ಅವರು ಹೂಡಿದ ಹೋರಾಟದಿಂದ, ಯುರೋಪಿನವರ ಮಾಹಿತಿ ಅಮೆರಿಕಕ್ಕೆ ಹೋಗಲು ಇದ್ದ ಒಪ್ಪಂದವನ್ನು ಯುರೋಪಿನ ಉನ್ನತ ನ್ಯಾಯಾಲಯ 2015ರಲ್ಲಿ ರದ್ದು ಮಾಡಿತು. ಅದರ ಬದಲಿಗೆ ಬಂದದ್ದನ್ನೂ 2020ರಲ್ಲಿ ರದ್ದು ಮಾಡಿತು. 2018ರಲ್ಲಿ ಜನರ ವೈಯಕ್ತಿಕ ಮಾಹಿತಿಯನ್ನು ಕಾಪಾಡೋ ಯುರೋಪಿನ ಜಿಡಿಪಿಆರ್ ಕಾನೂನು ಜಾರಿಗೆ ಬಂದ ಮೇಲೆ, ಅದೇ ಜಾಡಿನಲ್ಲಿ ಬ್ರೆಜಿಲ್‌ನ ಕಾನೂನು 2020ರಲ್ಲಿ ಜಾರಿಗೆ ಬಂತು. ಲೋಕವನ್ನು ಬೆಸೆಯೋ ಇದೇ ಜಾಲದಲ್ಲಿ ಖಾಸಗಿತನದ ಬೇಡಿಕೆಯೂ ಒಂದು ದೇಶದಿಂದ ಇನ್ನೊಂದಕ್ಕೆ ದಾಟಿತು. ಅವರು ಇದನ್ನು ಪೂರ್ತಿ ಒಪ್ಪಲಿಲ್ಲ. ಒಪ್ಪಬೇಕು ಅಂತ ನಾನೂ ಬಯಸಲಿಲ್ಲ.

ಮಗಳ ವಿಷಯ ಬಂದದ್ದು ಮಾತಿನ ನಡುವೆ. ಅವಳಿಗೆ ಹದಿನೇಳು. ಆನ್‌ಲೈನ್‌ನಲ್ಲಿ ಬೇರೆ ಬೇರೆ ದೇಶದ ಗೆಳೆಯರ ಜೊತೆ ಸೇರಿ ಚಿತ್ರ ಬಿಡಿಸ್ತಾಳೆ. 'ಆ ಹುಡುಗಿ ಇವಳಿಗೆ ಹೀಗೆ ಬರೆದಿದ್ದಳು' ಅಂತ ತಾಯಿ ಏನೋ ಹೇಳಿದರು. 'ನಿಮಗೆ ಹೇಗೆ ಗೊತ್ತಾಯ್ತು?' ಅಂತ ಕೇಳಿದೆ. 'ಅವಳು ಮಲಗಿದ ಮೇಲೆ ನೋಡ್ತೀನಿ. ಅವಳ ಒಳ್ಳೇದಕ್ಕೆ' ಅಂದರು.

ಮುಂದಿನ ಭೇಟಿಗೆ ಮಗಳನ್ನೂ ಕರೆಸಿದೆ. ತಾಯಿ ಓದೋದು ಅವಳಿಗೆ ಯಾವಾಗಲೋ ಗೊತ್ತಾಗಿತ್ತು. ಅದಕ್ಕೇ ಇನ್ನೊಂದು ಖಾತೆ ಮಾಡಿಕೊಂಡಿದ್ದಳು. ಅಳಲಿಲ್ಲ, ಕೂಗಾಡಲಿಲ್ಲ, ಸೀದಾ ಹೇಳಿದಳು: 'ಅಮ್ಮಾ, ಆ ಕಂಪನಿಯವರು ನನ್ನ ಮೆಸೇಜ್ ಓದ್ತಾರೋ ಇಲ್ವೋ ನಂಗೆ ಗೊತ್ತಿಲ್ಲ. ನೀನು ಓದ್ತೀಯ ಅಂತ ಗೊತ್ತು.' ತಾಯಿಗೆ ಸಿಟ್ಟು ಬಂತು. 'ನಾನು ನಿನ್ನ ತಾಯಿ ಕಣೇ, ಕಂಪನಿ ಅಲ್ಲ!' ಅಂದರು. ಅದೂ ನಿಜವೇ. ತಾಯಿ ನೋಡೋದು ಪ್ರೀತಿಯಿಂದ, ಲಾಭಕ್ಕಲ್ಲ. ಆದರೆ ನೋಡಿಸಿಕೊಳ್ಳೋಳಿಗೆ ಉಸಿರು ಕಟ್ಟೋದು ಎರಡು ಕಡೆಯೂ ಒಂದೇ ಥರ. ನಾನು ತಾಯಿಗೆ ಹೇಳಿದ್ದು ಇಷ್ಟು: 'ನಿಮ್ಮ ಬಗ್ಗೆ ಯಾರಿಗೆ ಏನು ಗೊತ್ತಾಗಬೇಕು ಅನ್ನೋದನ್ನ ನೀವೇ ತೀರ್ಮಾನಿಸಬೇಕು ಅಂತೀರಿ. ಅವಳೂ ಅದನ್ನೇ ಕೇಳ್ತಿದ್ದಾಳೆ.'

ಅವತ್ತೇ ಒಂದು ಒಪ್ಪಂದ ಆಯಿತು. ತಾಯಿ ಮೊಬೈಲ್ ಮುಟ್ಟಲ್ಲ. ಪರಿಚಯವಿಲ್ಲದ ಯಾರಾದರೂ ಫೋಟೋ ಕೇಳಿದರೆ, ದುಡ್ಡು ಕೇಳಿದರೆ, ಒಬ್ಬಳೇ ಬಾ ಅಂದರೆ, 'ಮನೇಲಿ ಹೇಳಬೇಡ' ಅಂದರೆ ಮಗಳು ತಾನಾಗಿ ಬಂದು ಹೇಳ್ತಾಳೆ, ಹೇಳಿದಾಗ ತಾಯಿ ಬೈಯಲ್ಲ. ಈ 'ಬೈಯಲ್ಲ' ಅನ್ನೋದನ್ನು ನಾನು ಎರಡು ಸಲ ಹೇಳಿಸಿದೆ. ಫೋಟೋ ಹಂಚ್ತೀನಿ ಅಂತ ಹೆದರಿಸೋರ ಬಲವೇ ಮನೆಯವರಿಗೆ ಗೊತ್ತಾದರೆ ಏನಾಗುತ್ತೋ ಅನ್ನೋ ಮಕ್ಕಳ ಭಯ. ಹಾಗೇನಾದರೂ ಆದರೆ ದುಡ್ಡು ಕಳಿಸಬಾರದು, ಮೆಸೇಜ್‌ಗಳನ್ನು ಅಳಿಸಬಾರದು, ತಕ್ಷಣ ಪೊಲೀಸರಿಗೆ ತಿಳಿಸಬೇಕು ಅಂತ ಇಬ್ಬರಿಗೂ ಹೇಳಿದೆ. ಆ್ಯಪ್‌ಗಳ ಪರ್ಮಿಷನ್ ಪಟ್ಟಿ ತೆಗೆದು ತಾಯಿಗೆ ತೋರಿಸೋ ಕೆಲಸ ಮಗಳು ವಹಿಸಿಕೊಂಡಳು. ಟಾರ್ಚ್ ಆ್ಯಪ್ ಒಂದು ಲೊಕೇಶನ್, ಕಾಂಟ್ಯಾಕ್ಟ್ ಎರಡನ್ನೂ ತಗೊಂಡಿತ್ತು. ಇಬ್ಬರೂ ಕೂತು ಅದನ್ನು ತೆಗೆದುಹಾಕಿದರಂತೆ.

ಈಗ ಹೇಗಿದ್ದಾರೆ? ನಿದ್ದೆ ಸುಧಾರಿಸಿದೆ. ದೊಡ್ಡ ಸೋರಿಕೆಯ ಸುದ್ದಿ ಬಂದ ದಿನ ಮತ್ತೆ ಕೆಡುತ್ತೆ. ಕುಟುಂಬದ ಗ್ರೂಪ್‌ಗೆ ವಾಪಸ್ ಸೇರಿದ್ದಾರೆ. ಅಲ್ಲಿನ ಮೆಸೇಜ್ 2016ರಿಂದ ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಆಗಿರುತ್ತೆ, ಬರೆದದ್ದನ್ನು ಕಂಪನಿ ಓದೋಕಾಗಲ್ಲ, ಆದರೆ ಯಾರು ಯಾರ ಜೊತೆ ಯಾವಾಗ ಮಾತಾಡಿದರು ಅನ್ನೋ ವಿವರ ಅದಕ್ಕೆ ಸಿಗುತ್ತೆ, ಇದನ್ನು ತಿಳಿದುಕೊಂಡೇ ಸೇರಿದ್ದಾರೆ. ಸಿಬ್ಬಂದಿಯಿಂದ ತುಂಬಿಸಿಕೊಳ್ಳೋ ಫಾರಂನಲ್ಲಿ ಯಾರೂ ಬಳಸದ ಕೆಲವು ವೈಯಕ್ತಿಕ ವಿವರಗಳಿದ್ದವು, ಅವನ್ನು ಕೈಬಿಡಿ ಅಂತ ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದಾರೆ. ಮಗಳ ಎರಡನೇ ಖಾತೆ ಈಗಲೂ ಇದೆ. ತಾಯಿ ಅದರ ಹೆಸರು ಕೇಳಿಲ್ಲ.

ಬಾಕಿ ಇರೋದು ಗಂಡನ ವಿಷಯ. ಅವರು ಈಗಲೂ 'ಏನೂ ಆಗಲ್ಲ ಬಿಡು' ಅಂತಲೇ ಹೇಳ್ತಾರೆ, ಆ ಮಾತು ಇವರನ್ನು ಮತ್ತೆ ಮತ್ತೆ ಕೇಳೋ ಹಾಗೆ ಮಾಡುತ್ತೆ. ಬದಲಿಗೆ 'ಕಾಗದದಲ್ಲಿ ಏನು ಬರೆದಿದ್ದೀಯ, ನೋಡೋಣ ಬಾ' ಅನ್ನೋದನ್ನು ಅವರು ರೂಢಿ ಮಾಡಿಕೊಳ್ಳಬೇಕು. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಅಂತ ಹೇಳಿದ್ದೇನೆ.