ಮನೆ ಕೇರಳದಲ್ಲಿ, ಕಣ್ಣು ಮಂಗಳೂರಿನಲ್ಲಿ: ಫೀಸಿನ ಲೆಕ್ಕ ಎಲ್ಲಿಂದ ಶುರು?

ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯ ಅಡಿಕೆ ಕೃಷಿಕರೊಬ್ಬರು ಬರೆದ ಪತ್ರದ ಸಾರ ಇಷ್ಟು: ಮಗಳು ಪ್ಲಸ್ ಟು ಮುಗಿಸಿದ್ದಾಳೆ. ಕೇರಳದ ಪ್ರವೇಶ ಪರೀಕ್ಷೆಯಾದ ಕೀಂನ ಅಲಾಟ್‌ಮೆಂಟಿನಲ್ಲಿ ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿನ ಸೀಟು ಬಂದಿದೆ. ಆದರೆ ಮನೆಯವರಿಗೆ ಮಂಗಳೂರೇ ಇಷ್ಟ. ಅಲ್ಲಿನ ಖಾಸಗಿ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಸೀಟು ಮಾಡಿಸಿಕೊಡುತ್ತೇನೆಂದು ಏಜೆಂಟರೊಬ್ಬರು 75,000 ರೂಪಾಯಿ ನಗದು ಕೇಳಿದ್ದಾರೆ. ಅಲ್ಲಿನ ಫೀಸು ಪೊವ್ವಲ್‌ನ ದುಪ್ಪಟ್ಟು. ಊರಿನ ಬ್ಯಾಂಕಿನವರು "ಕಾಲೇಜು ಮಂಗಳೂರಲ್ಲಲ್ಲವಾ, ಅಲ್ಲೇ ಕೇಳಿ" ಎಂದರು. ಮಂಗಳೂರಿನವರು "ನೀವು ಕೇರಳದವರು, ನಿಮ್ಮ ಊರಲ್ಲೇ ಕೇಳಿ" ಎಂದರು. ವಿಲ್ಲೇಜ್ ಆಫೀಸಿನ ಪ್ರಮಾಣಪತ್ರದಂತೆ ಮನೆಯ ವಾರ್ಷಿಕ ವರಮಾನ 1,20,000 ರೂಪಾಯಿ. ಕರ್ನಾಟಕದ ಸ್ಕಾಲರ್‌ಶಿಪ್ ಸಿಗುತ್ತದೆಯೇ? ಕನ್ನಡಿಗರೆಂಬ ನೆಲೆಯಲ್ಲಿ ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್ ಉಂಟೇ? ಸದ್ಯಕ್ಕೆ ಚಿನ್ನ ಅಡವಿಟ್ಟು ಮೊದಲ ವರ್ಷ ದಾಟಿಸಬಹುದೇ? ಮಗ ಪ್ಲಸ್ ವನ್‌ನಲ್ಲಿದ್ದಾನೆ, ಅವನಿಗೆ ಗಡಿನಾಡಿನವರ ಕೋಟಾ ಸಿಕ್ಕೀತೇ?

ಮಾನ್ಯರೇ,

ಓದಿಗೆ ಸಿಗುವ ಹಣದಲ್ಲಿ ಕೆಲವು ಮನೆಯ ವಿಳಾಸ ನೋಡಿ ಬರುತ್ತವೆ, ಕೆಲವು ಕಾಲೇಜು ಮತ್ತು ಸೀಟಿನ ಬಗೆ ನೋಡಿ, ಇನ್ನು ಕೆಲವು ಬರೀ ಮಾರ್ಕು ಮತ್ತು ವರಮಾನ ನೋಡಿ. ಗಡಿಯ ಮಕ್ಕಳ ಅರ್ಜಿಗಳು ಹೆಚ್ಚಾಗಿ ಬಿದ್ದುಹೋಗುವುದು ಈ ಮೂರನ್ನು ಕಲಸಿಕೊಂಡಾಗಲೇ. ನಿಮ್ಮ ಪ್ರಶ್ನೆಗಳಲ್ಲೂ ಅದೇ ಆಗಿದೆ.

ವಿಳಾಸ ನೋಡುವವನ್ನು ಮೊದಲು ಮುಗಿಸಿಬಿಡೋಣ. ಕರ್ನಾಟಕದ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲಿನ ಸ್ಕಾಲರ್‌ಶಿಪ್ ಆ ರಾಜ್ಯದ ನಿವಾಸಿಗಳಿಗೆ. ಮಗಳು ಮಂಗಳೂರಿನಲ್ಲಿ ಓದಿದ ಮಾತ್ರಕ್ಕೆ ಅದು ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಕೂಡ ಎಲ್ಲಿ ಓದಿದರೂ ಸ್ವಂತ ರಾಜ್ಯದಿಂದಲೇ ಬರಬೇಕಾದದ್ದು. ನಮ್ಮವರಿಗೆ ಅದರ ಬಾಗಿಲು ಕೇರಳದ ಇ-ಗ್ರಾಂಟ್ಸ್ ಪೋರ್ಟಲು. ಇನ್ನು ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಅಲ್ಪಸಂಖ್ಯಾತರು ಎಂದಿರುವಲ್ಲಿ ಲೆಕ್ಕಕ್ಕೆ ಬರುವುದು ಆರು ಧರ್ಮಗಳು ಮಾತ್ರ: ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ, ಜೈನ. ಕಾಸರಗೋಡಿನಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು ಹೌದು, ಆದರೆ ಆ ಕಾಲಂ ನಮ್ಮದಲ್ಲ. ಅಲ್ಲಿ ಟಿಕ್ ಹಾಕಿದ ಅರ್ಜಿ ಪರಿಶೀಲನೆಯಲ್ಲಿ ನಿಲ್ಲದು, ಆ ವರ್ಷದ ಅವಕಾಶವೂ ಹೋಯಿತು.

ನಿಮ್ಮ ಮಗಳಿಗೆ ಒಪ್ಪುವುದು ವಿಳಾಸ ನೋಡದ, ಕೇಂದ್ರದ ಕಾಲೇಜು ವಿದ್ಯಾರ್ಥಿಗಳ ಸ್ಕಾಲರ್‌ಶಿಪ್. ಮನೆಯ ವರಮಾನ ವರ್ಷಕ್ಕೆ 4.5 ಲಕ್ಷದೊಳಗೆ ಇರಬೇಕು, ಪ್ಲಸ್ ಟು ಬೋರ್ಡಿನಲ್ಲಿ ತನ್ನ ವಿಭಾಗದ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಬಂದಿರಬೇಕು. ಅಂದರೆ ನೂರು ಮಂದಿಯಲ್ಲಿ ಮೊದಲ 20ರೊಳಗೆ, 80 ಪರ್ಸೆಂಟ್ ಮಾರ್ಕು ಅಲ್ಲ. ಆ ವರ್ಷ ಮಕ್ಕಳೆಲ್ಲ ತೆಗೆದ ಅಂಕ ನೋಡಿ ಬೋರ್ಡೇ ಗೆರೆ ಎಳೆಯುತ್ತದೆ. 90 ಬಂದವರು ಹೊರಗುಳಿದದ್ದೂ ಇರಬಹುದು, ಹಾಗಾಗಿ ಬೋರ್ಡು ಪ್ರಕಟಿಸಿದ ಕಟಾಫ್ ನೋಡಿಯೇ ಅರ್ಜಿ ಹಾಕಿ. ಬಿ.ಟೆಕ್‌ಗೆ ಮೊದಲ ಮೂರು ವರ್ಷ ತಲಾ 12,000, ನಾಲ್ಕನೆಯ ವರ್ಷ 20,000, ಒಟ್ಟು 56,000 ರೂಪಾಯಿ. ನವೀಕರಣಕ್ಕೆ ಪ್ರತಿವರ್ಷ 50 ಶೇಕಡಾ ಅಂಕ, 75 ಶೇಕಡಾ ಹಾಜರಿ ಬೇಕು. ಕೇರಳ ಬೋರ್ಡಿನಿಂದ ಪಾಸಾದವಳು ಗಡಿಯಾಚೆ ಓದಿದರೂ ಕೇರಳ ಬೋರ್ಡಿನ ಪಾಲಿನಲ್ಲೇ ಸೇರುತ್ತಾಳೆ. ಆದರೆ ಮೊದಲ ಹಂತದ ಪರಿಶೀಲನೆ ಅವಳು ಓದುವ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ನೋಡಿಕೊಳ್ಳುವ ನೋಡಲ್ ಅಧಿಕಾರಿಯದ್ದು. ಅವರು ಗಡುವಿನೊಳಗೆ ಲಾಗಿನ್ ಆಗದಿದ್ದರೆ ನಿಮ್ಮ ಅರ್ಜಿ ಎಷ್ಟೇ ಸರಿಯಿದ್ದರೂ ಅಲ್ಲೇ ಕೂರುತ್ತದೆ. ಅರ್ಜಿ ಹಾಕಿದ ವಾರವೇ ಪ್ರಿಂಟ್ ಹಿಡಿದು ಕಾಲೇಜು ಆಫೀಸಿಗೆ ಹೋಗಲು ಮಗಳಿಗೆ ಹೇಳಿ.

ಬಂದ ಹಣ ಕಾಣೆಯಾಗುವ ಜಾಗ ಇನ್ನೊಂದಿದೆ. ಸ್ಕಾಲರ್‌ಶಿಪ್ ಸೇರುವುದು ಅರ್ಜಿಯಲ್ಲಿ ಬರೆದ ಖಾತೆಗೆ ಎಂದು ಎಲ್ಲರೂ ತಿಳಿದಿರುತ್ತಾರೆ. ಆಧಾರ್ ಮೂಲಕ ಬರುವ ಹಣ ಹೋಗುವುದು ಆಧಾರ್‌ಗೆ ಕಡೆಯದಾಗಿ ಜೋಡಿಸಿದ ಖಾತೆಗೆ. ಶಾಲೆಯಲ್ಲಿದ್ದಾಗ ತೆರೆದದ್ದು ಒಂದು, ಕಾಲೇಜಿನಲ್ಲಿ ತೆರೆಸಿದ್ದು ಇನ್ನೊಂದು ಎಂದಿದ್ದರೆ ಯಾವುದು ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿಯೇ ತಿಳಿಯಬೇಕು. ಹೆಸರಿನ ಕಾಟವಂತೂ ನಮ್ಮೂರಿನ ಸ್ವತ್ತು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಕನ್ನಡದಿಂದ ಒಂದು ಬಗೆಯ ಇಂಗ್ಲಿಷ್ ಅಕ್ಷರ, ಮಲಯಾಳದಿಂದ ಇನ್ನೊಂದು ಬಗೆ. ಎಸ್‌ಎಸ್‌ಎಲ್‌ಸಿ ಪುಸ್ತಕದ ಹೆಸರನ್ನೇ ಮೂಲವಾಗಿಟ್ಟು ಆಧಾರನ್ನು ಅದಕ್ಕೆ ಸರಿಹೊಂದಿಸಿ, ಆಮೇಲೆ ಬ್ಯಾಂಕ್ ಖಾತೆ ತಿದ್ದಿಸಿ. ಕ್ರಮ ತಿರುಗುಮುರುಗಾದರೆ ಕೆಲಸ ಎರಡು ಸಲ.

ಈಗ ದೊಡ್ಡ ವಿಷಯ, ಸೀಟು. ನಮ್ಮ ಮಾತು ಸ್ಪಷ್ಟ: ಪೊವ್ವಲ್‌ಗೆ ಸೇರಿಸಿ. ಕೇರಳ ಸರಕಾರದ ಅಧೀನದ ಎಲ್‌ಬಿಎಸ್ ಸೆಂಟರ್ 1993ರಲ್ಲಿ ಶುರುಮಾಡಿದ ಕಾಲೇಜು ಅದು. ಫೀಸು ಕಡಿಮೆ ಎಂಬುದು ಅರ್ಧ ಕಾರಣ ಮಾತ್ರ. ಪರೀಕ್ಷೆ ಬರೆದು, ರ್‍ಯಾಂಕ್ ಪಡೆದು, ಅಲಾಟ್‌ಮೆಂಟಿನಲ್ಲಿ ಬಂದ ಸೀಟಿಗೆ ಬ್ಯಾಂಕಿನಲ್ಲಿ ಬೇರೆಯೇ ಬೆಲೆ. ಕೇಂದ್ರದ ಬಡ್ಡಿ ಸಹಾಯಧನ ಮ್ಯಾನೇಜ್‌ಮೆಂಟ್ ಸೀಟಿಗೆ ಇಲ್ಲ. ಅಂದರೆ ಏಜೆಂಟರಿಗೆ ದುಡ್ಡು ಕೊಟ್ಟು, ಸರಕಾರ ಕಟ್ಟಬಹುದಾಗಿದ್ದ ಬಡ್ಡಿಯನ್ನು ನೀವೇ ತಲೆಗೆ ಎಳೆದುಕೊಂಡ ಹಾಗೆ. ಆ 75,000ಕ್ಕೆ ರಸೀದಿ ಇರದು. ರಸೀದಿ ಇಲ್ಲದ ಹಣಕ್ಕೆ ಸಾಲವೂ ಇಲ್ಲ, ಸೀಟು ಬಿಟ್ಟರೆ ವಾಪಸೂ ಇಲ್ಲ. ಇಂಥ ವಸೂಲಿಯನ್ನು ಕರ್ನಾಟಕ 1984ರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯಿದೆಯಲ್ಲೇ ಅಪರಾಧ ಮಾಡಿದೆ. ಹೆಸರು ಡೊನೇಶನ್ ಎಂದಿರಲಿ, ಸರ್ವಿಸ್ ಚಾರ್ಜ್ ಎಂದಿರಲಿ, ವ್ಯತ್ಯಾಸವಿಲ್ಲ.

ಇನ್ನೂ ಒಂದು. ಸೀಟು ಹಿಡಿದಿಡಲು ಒರಿಜಿನಲ್ ಮಾರ್ಕ್ ಲಿಸ್ಟು ಕೊಡಿ ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ತೋರಿಸಿ, ಪರಿಶೀಲಿಸಲಿ, ನಕಲು ಪ್ರತಿಗೆ ಸಹಿ ಹಾಕಿ ಕೊಟ್ಟು ಒರಿಜಿನಲ್ ಹಿಂದಕ್ಕೆ ತನ್ನಿ. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆಯ ಯುಜಿಸಿ, ತಾಂತ್ರಿಕ ಶಿಕ್ಷಣದ ಎಐಸಿಟಿಇ ಎರಡೂ ಒರಿಜಿನಲ್ ಒತ್ತೆಯಿಡುವುದನ್ನು ನಿಷೇಧಿಸಿವೆ. ಇಂಜಿನಿಯರಿಂಗ್ ಕೋರ್ಸು ಶುರುವಾಗುವ ಮೊದಲೇ ಸೀಟು ಬಿಟ್ಟರೆ 1,000 ರೂಪಾಯಿಗೆ ಮೀರದ ಮೊತ್ತ ಮಾತ್ರ ಹಿಡಿದು ಉಳಿದದ್ದನ್ನು ಹಿಂದಿರುಗಿಸಬೇಕು ಎಂಬುದು ಎಐಸಿಟಿಇ ನಿಯಮ. ಬಿಡುತ್ತೇನೆಂಬ ಪತ್ರ ಬರಹದಲ್ಲಿ, ದಿನಾಂಕ ಸಮೇತ ಇರಲಿ.

ಬ್ಯಾಂಕಿನವರು ನಿಮ್ಮನ್ನು ಅತ್ತಿಂದಿತ್ತ ಓಡಿಸಿದ್ದು ತಪ್ಪು. ಮನೆ ನಮ್ಮ ಸರ್ವಿಸ್ ಏರಿಯಾದಲ್ಲಿಲ್ಲ ಎಂಬ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಸುತ್ತೋಲೆ ಹೊರಡಿಸಿದೆ. ಕಾಲೇಜು ಯಾವ ರಾಜ್ಯದ್ದು ಎಂಬುದಂತೂ ಪ್ರಶ್ನೆಯೇ ಅಲ್ಲ. ನಾವಾದರೆ ಊರಿನ ಬ್ರಾಂಚನ್ನೇ ಹಿಡಿಯುತ್ತೇವೆ. ನಾಲ್ಕು ವರ್ಷ ಫೀಸಿನ ಕಾಗದ ಕೊಡಬೇಕಾದವರು, ಆಮೇಲೆ ಕಂತಿಗಾಗಿ ಅಲೆಯಬೇಕಾದವರು ನೀವು. ಕೌಂಟರಿನಲ್ಲಿ ಬಾಯಿಮಾತಿಗೆ ನಿಲ್ಲದೆ ಶಿಕ್ಷಣ ಸಾಲದ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಅರ್ಜಿ ಸಂಖ್ಯೆ ಬಂದ ಮೇಲೆ "ಆಗುವುದಿಲ್ಲ" ಎನ್ನುವವರು ಕಾರಣ ಬರೆಯಬೇಕಾಗುತ್ತದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ಬರೆಯಬಹುದು, ಖರ್ಚಿಲ್ಲ.

4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಾಗದ ಆಧಾರ ಕೇಳುವಂತಿಲ್ಲ, ಮಾರ್ಜಿನ್ ಎಂದು ಕೈಯಿಂದ ಹಾಕಬೇಕಾದದ್ದೂ ಇಲ್ಲ. ಟ್ಯೂಶನ್ ಫೀಸು ಮಾತ್ರವಲ್ಲ, ಹಾಸ್ಟೆಲು, ಪರೀಕ್ಷೆ, ಲ್ಯಾಬು, ಪುಸ್ತಕ, ಕಂಪ್ಯೂಟರ್ ಎಲ್ಲ ಇದರೊಳಗೆ ಬರುತ್ತವೆ. ಕಾಶನ್ ಡಿಪಾಸಿಟ್ಟಿಗೂ (ಕಾಲೇಜಿನಲ್ಲಿಡುವ ಠೇವಣಿ) ಒಟ್ಟು ಟ್ಯೂಶನ್ ಫೀಸಿನ 10 ಶೇಕಡಾದವರೆಗೆ ಜಾಗವಿದೆ. ಆದ್ದರಿಂದ ಕಾಲೇಜಿನಿಂದ ತರುವ ಖರ್ಚಿನ ಪಟ್ಟಿ ನಾಲ್ಕೂ ವರ್ಷದ್ದಿರಲಿ, ಹಾಸ್ಟೆಲ್ ಸೇರಿರಲಿ. ಮೊದಲ ವರ್ಷದ ಫೀಸು ಮಾತ್ರ ಬರೆಸಿ ಸಾಲ ಮಂಜೂರಾದರೆ ಮುಂದಿನ ವರ್ಷ ಮತ್ತೆ ಮೊದಲಿನಿಂದ ಶುರು. ಬಿಎ, ಬಿಎಸ್ಸಿಗೆ ಸೇರುವವರಿಗೂ ಇದೇ ಮಾತು: ಕೇರಳದಲ್ಲಿ 2024ರಿಂದ ಡಿಗ್ರಿ ನಾಲ್ಕು ವರ್ಷದ್ದಾಗಿದೆ. ಮೂರು ವರ್ಷಕ್ಕೆ ಬಿಡುವ ಯೋಚನೆ ಇದ್ದರೂ ಸಾಲದ ಅವಧಿ ನಾಲ್ಕಕ್ಕೆ ಬರೆಸಿಡುವುದು ಕ್ಷೇಮ.

ಲೆಕ್ಕ ಹೀಗೆ ಹಾಕಿ ನೋಡಿ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ, ಬಡ್ಡಿ 10 ಶೇಕಡಾ ಎಂದಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಸರಳ ಬಡ್ಡಿ ಮಾತ್ರ ಬೆಳೆಯುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷದ 50,000, ಎರಡನೆಯದಕ್ಕೆ 40,000, ಮತ್ತೆ 30,000, 20,000, ಒಟ್ಟು 1,40,000. ಕಂತು ಶುರುವಾಗುವಾಗ ಸಾಲ 5,40,000. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 7,136. ಬಡ್ಡಿಯನ್ನು ಓದುವಾಗಲೇ ತೀರಿಸಿದ್ದರೆ ಕಂತು 5,286. ತಿಂಗಳ ವ್ಯತ್ಯಾಸ 1,850, ಹತ್ತು ವರ್ಷಕ್ಕೆ 2,22,000. ಕಟ್ಟದೆ ಬಿಟ್ಟದ್ದು 1,40,000, ಕೊನೆಗೆ ತೆತ್ತದ್ದು 2,22,000.

ಆದರೆ ನಿಮ್ಮ ಮನೆಯ ವರಮಾನಕ್ಕೆ ಆ 1,40,000 ನೀವು ಕಟ್ಟಬೇಕಾದದ್ದೇ ಅಲ್ಲ. ವರಮಾನ 4.5 ಲಕ್ಷದೊಳಗಿದ್ದು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಅಥವಾ ತಾಂತ್ರಿಕ ಕೋರ್ಸುಗಳನ್ನು ಅಳೆಯುವ ಎನ್‌ಬಿಎಯ ಮಾನ್ಯತೆಯ ಕೋರ್ಸಿನಲ್ಲಿ ವೃತ್ತಿಪರ, ತಾಂತ್ರಿಕ ಶಿಕ್ಷಣ ಪಡೆಯುವವರ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರ ಕಟ್ಟುತ್ತದೆ. 2009ರಿಂದ ಇರುವ ಯೋಜನೆ, ಕೆನರಾ ಬ್ಯಾಂಕ್ ಇದರ ನೋಡಲ್ ಬ್ಯಾಂಕ್. ಸೇರುವ ಮೊದಲು ಮಗಳ ಇಂಜಿನಿಯರಿಂಗ್ ವಿಭಾಗದ ಮಾನ್ಯತೆ ಈಗ ಚಾಲ್ತಿಯಲ್ಲಿದೆಯೇ ಎಂದು ಕಾಲೇಜಿನಲ್ಲೇ ಕೇಳಿ. ಕೆಡುವುದು ಎಲ್ಲಿ ಅಂದರೆ, ಸಹಾಯಧನವನ್ನು ಕೇಳಿ ಪಡೆಯಬೇಕಾದದ್ದು ನಿಮ್ಮ ಬ್ಯಾಂಕಿನ ಬ್ರಾಂಚು. ವರಮಾನ ಪ್ರಮಾಣಪತ್ರ ಫೈಲಿನಲ್ಲಿಲ್ಲ, ಅಥವಾ ಇದ್ದೂ ಕ್ಲೇಮ್ ಕಳಿಸಿಲ್ಲ ಎಂದಾದರೆ ಬಡ್ಡಿ ಸುಮ್ಮನೆ ಸಾಲಕ್ಕೆ ಸೇರುತ್ತಾ ಹೋಗುತ್ತದೆ, ಗೊತ್ತಾಗುವುದು ಕಂತು ಶುರುವಾದಾಗ. ಕೇರಳದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದ ಮೂಲಕ ಪಡೆದ ಪ್ರಮಾಣಪತ್ರ ಕೊಟ್ಟದ್ದಕ್ಕೆ ಬ್ಯಾಂಕಿನ ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ, ಪ್ರತಿವರ್ಷ ಏಪ್ರಿಲಿನಲ್ಲಿ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಮಗಳು ಅರ್ಧದಲ್ಲಿ ಓದು ಬಿಟ್ಟರೆ ಈ ಸೌಲಭ್ಯ ಹೋಗುತ್ತದೆ.

ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಎಂದು 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಯೋಜನೆಯ ಬಗ್ಗೆ ನೀವು ಪತ್ರಿಕೆಗಳಲ್ಲಿ ಓದಿರಬಹುದು. ಆಧಾರವೂ ಜಾಮೀನೂ ಇಲ್ಲದ ಸಾಲ, 8 ಲಕ್ಷದವರೆಗಿನ ವರಮಾನಕ್ಕೆ 3 ಶೇಕಡಾ ಬಡ್ಡಿ ಸಹಾಯ. ಆದರೆ ಅದು ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ. ಪಟ್ಟಿಯಲ್ಲಿ ಹೆಸರು ಹುಡುಕಿ, ಇಲ್ಲದಿದ್ದರೆ ಮೇಲೆ ಹೇಳಿದ ಸಾಮಾನ್ಯ ಸಾಲ ಸಾಕು.

ಚಿನ್ನದ ಬಗ್ಗೆ. ಫೀಸಿನ ಗಡುವು ಬರುವುದು ಮಳೆಗಾಲದಲ್ಲಿ. ಆಗ ತೋಟಕ್ಕೆ ಕೊಳೆರೋಗದ ಮದ್ದು ಬಿಡುವ ಖರ್ಚು, ಅಡಿಕೆ ದುಡ್ಡು ಕೈಗೆ ಬರಲು ಇನ್ನೂ ತಿಂಗಳುಗಟ್ಟಲೆ. ಅಡವಿನ ಆಸೆ ಅಲ್ಲೇ ಹುಟ್ಟುವುದು, ತಪ್ಪೆನ್ನಲಾರೆವು. ಆದರೆ ಚಿನ್ನದ ಸಾಲಕ್ಕೆ ಓದು ಮುಗಿಯುವವರೆಗೆ ಕಾಯುವ ಸಂಯಮವಿಲ್ಲ. ಸಾಮಾನ್ಯವಾಗಿ ವರ್ಷದೊಳಗೆ ಬಿಡಿಸಬೇಕು ಇಲ್ಲವೇ ಬಡ್ಡಿ ಕಟ್ಟಿ ಹೊಸದಾಗಿಸಬೇಕು. ಕೇಂದ್ರದ ಬಡ್ಡಿ ಸಹಾಯಧನ ಅದಕ್ಕಿಲ್ಲ. ಸಾಲ ಮಂಜೂರಾಗುವವರೆಗಿನ ಒಂದೆರಡು ತಿಂಗಳಿಗೆ, ಕಡಿಮೆ ಮೊತ್ತಕ್ಕೆ ಆದರೆ ಅಡ್ಡಿಯಿಲ್ಲ. ಹಾಗೆ ಕಟ್ಟಿದ ಫೀಸಿನ ರಸೀದಿ ಕೂಡಲೇ ಬ್ಯಾಂಕಿಗೆ ಕೊಟ್ಟು, ಆ ಮೊತ್ತ ಸಾಲದಲ್ಲಿ ಮರಳಿ ಸಿಗುವುದೇ ಎಂದು ಕಟ್ಟುವ ಮೊದಲೇ ಕೇಳಿಕೊಳ್ಳಿ. ನಿಮ್ಮ ಬೆಳೆಸಾಲ ಬಾಕಿಯಿದ್ದರೆ ಮೊದಲು ಅದನ್ನು ಸರಿಮಾಡಿ. ಮಗಳ ಸಾಲದಲ್ಲಿ ನೀವೂ ಜೊತೆ ಸಾಲಗಾರರು, ನಿಮ್ಮ ಬಾಕಿ ಅವಳ ಅರ್ಜಿಯಲ್ಲಿ ಎದ್ದು ಕಾಣುತ್ತದೆ.

ದಿನಾ ಮನೆಯಿಂದ ಹೋಗಿಬರುವುದಾದರೆ ಒಂದು ಸಣ್ಣ ಲಾಭವನ್ನು ನಮ್ಮ ಕಡೆಯ ಎಷ್ಟೋ ಮನೆಗಳು ಬಿಟ್ಟುಬಿಡುತ್ತವೆ. ಕರ್ನಾಟಕದ ಶಕ್ತಿ ಬಸ್ಸು ನಮ್ಮ ಹುಡುಗಿಯರಿಗಿಲ್ಲ, ಅದಕ್ಕೆ ಅಲ್ಲಿನ ವಿಳಾಸ ಬೇಕು. ರೈಲು ಹಾಗಲ್ಲ. ಡಿಗ್ರಿ ಮುಗಿಯುವವರೆಗೆ ಹುಡುಗಿಯರಿಗೆ ಮನೆ ಮತ್ತು ಕಾಲೇಜಿನ ನಡುವೆ ಎರಡನೇ ದರ್ಜೆಯ ತಿಂಗಳ ಸೀಸನ್ ಟಿಕೆಟ್ ಉಚಿತ, ಹುಡುಗರಿಗೆ ಪ್ಲಸ್ ಟುವರೆಗೆ. ಉಪ್ಪಳದಿಂದ ಕಾಸರಗೋಡಿಗೂ ಸರಿ, ಮಂಗಳೂರಿಗೂ ಸರಿ. ರೈಲ್ವೆಯ ಕನ್ಸೆಶನ್ ಫಾರ್ಮು ಕಾಲೇಜಿನಿಂದ ಸಹಿ, ಸೀಲಿನೊಂದಿಗೆ ತರಬೇಕು. ಬರೆದ ನಿಲ್ದಾಣಗಳು ಮನೆಗೂ ಕಾಲೇಜಿಗೂ ಹತ್ತಿರದವೇ ಆಗಿರಬೇಕು.

ಬಿಎ, ಬಿಎಸ್ಸಿ, ಬಿಕಾಂ ಓದುವ ಮಕ್ಕಳಿರುವ ಓದುಗರಿಗೆ ಇಲ್ಲೇ ಒಂದು ಮಾತು ಸೇರಿಸುತ್ತೇವೆ. ವಿದ್ಯಾನಗರದ ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಕಾಲೇಜಿನಂಥಲ್ಲಿ ಓದುವವರು ಕೇರಳ ಉನ್ನತ ಶಿಕ್ಷಣ ಮಂಡಳಿಯ ಸ್ಕಾಲರ್‌ಶಿಪ್‌ಗೆ ಮೊದಲ ವರ್ಷವೇ ಅರ್ಜಿ ಹಾಕಬೇಕು. ಡಿಗ್ರಿಯ ಮೂರು ವರ್ಷಕ್ಕೆ 12,000, 18,000, 24,000 ಎಂದು ಏರುತ್ತಾ ಹೋಗುವ ಮೊತ್ತ ಅದು.

ಮಗನ ವಿಷಯದಲ್ಲಿ ಸಮಯವಿದೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಉಂಟು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು ಆ ಪಟ್ಟಿಯಲ್ಲಿವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಅಲ್ಲಿ ವಾಸವಿದ್ದು ಓದಿದ ದಾಖಲೆ ಬೇಕು. ಇದರ ಮೇಲೆ ಪರೀಕ್ಷಾ ಪ್ರಾಧಿಕಾರ ನಡೆಸುವ 50 ಅಂಕದ ಕನ್ನಡ ಪರೀಕ್ಷೆಯಲ್ಲಿ ಕನಿಷ್ಠ 12 ಅಂಕ ಬರಬೇಕು. ಕನ್ನಡ ಮಾಧ್ಯಮದ ಹುಡುಗನಿಗೆ ಅದು ಕಷ್ಟವೇನಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಮಲಯಾಳವನ್ನು ಎರಡನೇ ಭಾಷೆಯಾಗಿ ತೆಗೆದುಕೊಂಡವನಾದರೆ ಈಗಲೇ ಓದಿ ಬರೆದು ರೂಢಿಮಾಡಿಸಿ. ಈ ದಾರಿಯಲ್ಲಿ ಸೀಟು ಸರಕಾರಿ ಹಂಚಿಕೆಯಲ್ಲಿ ಬರುತ್ತದೆ, ಏಜೆಂಟರ ಅಗತ್ಯವಿಲ್ಲ. ಆದರೆ ಕರ್ನಾಟಕದ ಸ್ಕಾಲರ್‌ಶಿಪ್ ಅದರೊಂದಿಗೆ ಬರುವುದಿಲ್ಲ, ಆ ಮೊತ್ತವನ್ನು ಖರ್ಚಿನ ಲೆಕ್ಕದಿಂದ ಬಿಟ್ಟೇ ಯೋಚಿಸಿ. ನೋಂದಣಿ ಪ್ಲಸ್ ಟು ಪರೀಕ್ಷೆಗೂ ಮೊದಲೇ, ವರ್ಷದ ಆರಂಭದ ತಿಂಗಳುಗಳಲ್ಲಿ ಮುಗಿದುಬಿಡುತ್ತದೆ. ಮಾತೃಭಾಷೆಯ ಮತ್ತು ವಾಸದ ಪ್ರಮಾಣಪತ್ರಗಳನ್ನು ಅವನ ಪ್ಲಸ್ ಟು ವರ್ಷದ ಡಿಸೆಂಬರಿನೊಳಗೆ, ಸಿಇಟಿ ಪುಸ್ತಿಕೆಯಲ್ಲಿರುವ ನಮೂನೆಯಲ್ಲೇ ಮಾಡಿಸಿಡಿ.

— ಸಂ.