ಗೇನ್ 290 ಇದ್ದರೂ ಎಲ್‌ಇಡಿಯಲ್ಲಿ ಬರೀ 19 ಮಿಲಿಆಂಪ್ ಯಾಕೆ?

ನಿಮ್ಮ ಟ್ರಾನ್ಸಿಸ್ಟರ್ ಕೆಟ್ಟಿಲ್ಲ, ಎಸೆಯಬೇಡಿ.

ನೀವು ಹೇಳಿದ್ದು ಇಷ್ಟು: ಮಲ್ಟಿಮೀಟರ್ ನಿಮ್ಮ ಬಿಸಿ547 (BC547) ಟ್ರಾನ್ಸಿಸ್ಟರಿನ ಗೇನ್ 290 ಎಂದು ತೋರಿಸಿತು. ಗೇನ್ ಅಂದರೆ ಬೇಸ್‌ಗೆ (ನಿಯಂತ್ರಿಸುವ ಕಾಲಿಗೆ) ಕೊಟ್ಟ ಕರೆಂಟಿನ ಎಷ್ಟು ಪಟ್ಟು ಹರಿಯಲು ಟ್ರಾನ್ಸಿಸ್ಟರ್ ಬಿಡುತ್ತದೆ ಎಂಬ ಸಂಖ್ಯೆ. 5 ವೋಲ್ಟ್‌ನಿಂದ 1 ಕಿಲೋಓಮ್ ಮೂಲಕ ಬೇಸ್‌ಗೆ ಕೊಟ್ಟಿರಿ, ಬೇಸ್ ಸುಮಾರು 0.7 ವೋಲ್ಟ್ ಇಟ್ಟುಕೊಂಡರೆ ಹರಿಯುವುದು ಸುಮಾರು 4.3 ಮಿಲಿಆಂಪ್. ಅದನ್ನು 290ರಿಂದ ಗುಣಿಸಿದರೆ 1.2 ಆಂಪ್ ದಾಟುತ್ತದೆ. ಆದರೆ ಎಲ್‌ಇಡಿಯಲ್ಲಿ ಹರಿದದ್ದು 19 ಮಿಲಿಆಂಪ್.

ಗುಣಾಕಾರ ಸರಿ ಇದೆ. ಅದನ್ನು ಬಳಸಿದ ಜಾಗ ತಪ್ಪು. ಟ್ರಾನ್ಸಿಸ್ಟರ್ ಕರೆಂಟ್ ಹುಟ್ಟಿಸುವುದಿಲ್ಲ, ಹರಿಯಲು ಬಿಡುತ್ತದೆ ಅಷ್ಟೆ. ನೀವು 1.2 ಆಂಪ್‌ವರೆಗೆ ಹರಿಯಬಹುದು ಎಂದು ಅಪ್ಪಣೆ ಕೊಟ್ಟಿರಿ. ಆದರೆ ದಾರಿಯಲ್ಲಿ ಎಲ್‌ಇಡಿ ಜೊತೆ ಸಾಲಾಗಿ 150 ಓಮ್ ರೆಸಿಸ್ಟರ್ ಕೂತಿದೆ ಅಲ್ವಾ? 5 ವೋಲ್ಟ್‌ನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿಂದಿತು, ಟ್ರಾನ್ಸಿಸ್ಟರ್ 0.1 ವೋಲ್ಟ್ ಇಟ್ಟುಕೊಂಡಿತು. ಉಳಿದ 2.9ನ್ನು 150ರಿಂದ ಭಾಗಿಸಿ, 19 ಮಿಲಿಆಂಪ್ ಬರುತ್ತದೆ. ಇದೇ ಸ್ಯಾಚುರೇಷನ್, ಅಂದರೆ ಟ್ರಾನ್ಸಿಸ್ಟರ್ ಪೂರ್ತಿ ತೆರೆದ ಸ್ಥಿತಿ. ಇನ್ನು ಬೇಸ್‌ಗೆ ಎಷ್ಟು ಸುರಿದರೂ ಎಲ್‌ಇಡಿಗೆ ಗೊತ್ತೇ ಆಗುವುದಿಲ್ಲ. ಒಳ್ಳೆಯದೇ ಆಯಿತು ಬಿಡಿ, ಬಿಸಿ547 ತಾಳಿಕೊಳ್ಳುವುದು 100 ಮಿಲಿಆಂಪ್ ಮಾತ್ರ.

ಗೇನ್ ನಿಜವಾಗಿ ಕೆಲಸ ಮಾಡುವುದನ್ನು ನೋಡಬೇಕಾ? ಆ 1 ಕಿಲೋಓಮ್ ತೆಗೆದು 100 ಕಿಲೋಓಮ್ ಹಾಕಿ. ಈಗ ಬೇಸ್‌ಗೆ ಹೋಗುವುದು ಬರೀ 43 ಮೈಕ್ರೋಆಂಪ್. ಅದರ 290 ಪಟ್ಟು ಅಂದರೆ 12 ಮಿಲಿಆಂಪ್ ಚಿಲ್ಲರೆ. 150 ಓಮ್‌ನ ಎರಡು ತುದಿಗೆ ಮೀಟರ್ ಹಿಡಿದರೆ 1.9 ವೋಲ್ಟ್ ಹತ್ತಿರ ಕಾಣಬೇಕು. ಆಮೇಲೆ ಟ್ರಾನ್ಸಿಸ್ಟರನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಕಾಲುಗಳನ್ನು ಮುಟ್ಟಬೇಡಿ. ಮೀಟರಿನ ಅಂಕಿ ನಿಧಾನಕ್ಕೆ ಏರುತ್ತದೆ. ಬಿಸಿಯಾದರೆ ಗೇನ್ ಜಾಸ್ತಿ ಆಗುತ್ತದೆ. ಬೆರಳ ಶಾಖಕ್ಕೇ ಅಲುಗಾಡುವ ಸಂಖ್ಯೆಯನ್ನು ನಂಬಿ ಸರ್ಕ್ಯೂಟ್ ಕಟ್ಟುವುದು ಹೇಗೆ, ಹೇಳಿ.

ನಾನು ಕಟ್ಟಿದ್ದೆ! 12 ವೋಲ್ಟ್ ರಿಲೇ (ಕಾಯಿಲ್‌ನಲ್ಲಿ ಕರೆಂಟ್ ಹರಿದಾಗ ಬಡಿಯುವ ಸ್ವಿಚ್), ಕಾಯಿಲ್ 400 ಓಮ್, ಅಂದರೆ 30 ಮಿಲಿಆಂಪ್ ಬೇಕು. ಮೀಟರ್ 300 ಎಂದಿತ್ತು. ಹಾಗಾಗಿ ಬೇಸ್‌ಗೆ 0.1 ಮಿಲಿಆಂಪ್ ಸಾಕು ಎಂದು ಲೆಕ್ಕ ಹಾಕಿ ಬೆಸುಗೆ ಹಾಕಿದೆ. ರಿಲೇ ಟಕ್ ಅಂತ ಬಡಿಯಿತು, ನಾನು ಹಿಗ್ಗಿದೆ. ಎರಡನೇ ಬೋರ್ಡಿಗೆ ಬೇರೆ ಪೊಟ್ಟಣದ ಬಿಸಿ547 ಹಾಕಿದೆ. ಸದ್ದೇ ಇಲ್ಲ. ಮುಟ್ಟಿ ನೋಡಿದರೆ ಹೆಸರಿಗೆ ತಕ್ಕ ಹಾಗೆ ಸ್ವಲ್ಪ ಬಿಸಿ! ಅದರ ಗೇನ್ 180. ಕಾಯಿಲ್‌ಗೆ 18 ಮಿಲಿಆಂಪ್ ಮಾತ್ರ ಸಿಕ್ಕಿ, ಉಳಿದ 4.8 ವೋಲ್ಟ್ ಟ್ರಾನ್ಸಿಸ್ಟರ್ ಮೇಲೆಯೇ ಬಿದ್ದಿತ್ತು. ಅರ್ಧ ತೆರೆದು ನಿಂತ ಟ್ರಾನ್ಸಿಸ್ಟರ್ ಬಿಸಿಯಾಗದೆ ಇನ್ನೇನು?

ಡೇಟಾಶೀಟ್ (ತಯಾರಕರು ಕೊಡುವ ಮಾಹಿತಿ ಹಾಳೆ) ತೆರೆದಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು. ಬಿಸಿ547ರ ಗೇನ್ 110ರಿಂದ 800ರವರೆಗೆ ಎಲ್ಲಾದರೂ ಇರಬಹುದು. ಕೊನೆಯಲ್ಲಿ ಎ, ಬಿ, ಸಿ ಎಂಬ ಅಕ್ಷರವಿದ್ದರೆ ಸ್ವಲ್ಪ ವಾಸಿ: ಎ ಅಂದರೆ 110–220, ಬಿ 200–450, ಸಿ 420–800. ಅದೂ 2 ಮಿಲಿಆಂಪ್ ಕರೆಂಟಿನಲ್ಲಿ ಅಳೆದದ್ದು. ಕರೆಂಟ್ ತೀರಾ ಜಾಸ್ತಿಯಾದರೆ ಗೇನ್ ಕುಸಿಯುತ್ತದೆ.

ಹಾಗಾಗಿ ಸ್ವಿಚ್ ಮಾಡುವಾಗ ನಾನು ಈಗ ಮೀಟರನ್ನು ಕೇಳುವುದೇ ಇಲ್ಲ. ಗೇನ್ 10 ಎಂದು ಹಿಡಿಯುತ್ತೇನೆ. ನಿಮ್ಮ ಎಲ್‌ಇಡಿಗೆ 20 ಮಿಲಿಆಂಪ್ ಬೇಕಾದರೆ ಬೇಸ್‌ಗೆ 2. ಐದರಲ್ಲಿ 0.7 ಕಳೆದರೆ 4.3 ವೋಲ್ಟ್, ಅದಕ್ಕೆ 2.2 ಕಿಲೋಓಮ್ ಸರಿಹೋಗುತ್ತದೆ. ನಿಮ್ಮ 1 ಕಿಲೋಓಮ್ ಇದ್ದರೂ ತೊಂದರೆ ಇಲ್ಲ, ಸುಮ್ನೆ ಸ್ವಲ್ಪ ಕರೆಂಟ್ ದಂಡ.

ಆಂಪ್ಲಿಫೈಯರ್ (ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಸರ್ಕ್ಯೂಟ್) ಕಟ್ಟುವಾಗ ಮಾತ್ರ ಈ ಹತ್ತರ ಲೆಕ್ಕ ಬೇಡ. ಅಲ್ಲಿ ಎಮಿಟರ್‌ಗೆ (ಕರೆಂಟ್ ಹೊರಗೆ ಹೋಗುವ ಕಾಲಿಗೆ) ಒಂದು ರೆಸಿಸ್ಟರ್ ಹಾಕಿ, ಬೇಸ್ ವೋಲ್ಟೇಜನ್ನು ಎರಡು ರೆಸಿಸ್ಟರ್‌ಗಳಿಂದ ಗಟ್ಟಿಯಾಗಿ ಹಿಡಿದಿಡಿ. ಆಗ ಗೇನ್ 180 ಇದ್ದರೂ 400 ಇದ್ದರೂ ಕಲೆಕ್ಟರ್ (ಕರೆಂಟ್ ಒಳಗೆ ಬರುವ ಕಾಲು) ಕರೆಂಟ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.