ಓದುಗರ ಪ್ರಶ್ನೆ: ಮಗಳಿಗೆ ಮೂರು ತುಂಬುತ್ತಿದೆ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಮುಂದಿನ ವಾರ ನನ್ನ ಮಗಳಿಗೆ ಮೂರು ವರ್ಷ ತುಂಬುತ್ತದೆ. ಖುಷಿಯೇನೋ ಇದೆ, ಆದರೆ ಎದೆಯಲ್ಲಿ ಏನೋ ಭಾರ. ಮೊನ್ನೆ ಅವಳು ಎಂಟು ತಿಂಗಳ ಕೂಸಾಗಿದ್ದಾಗಿನ ವಿಡಿಯೊ ನೋಡಿದೆ. ಆಗಿನ ದನಿ ನನಗೆ ಮರೆತೇ ಹೋಗಿತ್ತು. ಈಚಿನವರೆಗೂ ಕಿಟಕಿಗೆ ‘ಕಿಕಟಿ’ ಅನ್ನುತ್ತಿದ್ದಳು. ಒಂದು ಬೆಳಿಗ್ಗೆ ಎದ್ದವಳೇ ಸರಿಯಾಗಿ ‘ಕಿಟಕಿ’ ಅಂದುಬಿಟ್ಟಳು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು. ಯಾಕೆ ಹೀಗೆ? ಇನ್ನೊಂದು ಚಿಂತೆ: ಮೊದಲ ವರ್ಷ ಗುಂಡುಗುಂಡಾಗಿದ್ದವಳು ಈಗ ಸಣ್ಣಗೆ ಕಾಣುತ್ತಾಳೆ. ತೂಕ 12.6 ಕೆಜಿ, ಎತ್ತರ 92 ಸೆಂಟಿಮೀಟರ್. ಹೋದ ಹುಟ್ಟುಹಬ್ಬದಿಂದ ಈಚೆಗೆ ಎರಡು ಕೆಜಿ ಅಷ್ಟೇ ಏರಿದೆ. ಊಟಕ್ಕೆ ಕೂತರೆ ನಾಲ್ಕು ತುತ್ತಿಗೇ ಸಾಕು ಅಂತಾಳೆ. ಈ ಮೂರು ವರ್ಷದ್ದು ಯಾವುದೂ ಮುಂದೆ ಅವಳಿಗೆ ನೆನಪಿರಲ್ಲ ಅಂತಾರಲ್ಲ, ಹೌದಾ? (ಹೆಸರು ಬೇಡ)

ಉತ್ತರ: ತೂಕದ ವಿಷಯ ಮೊದಲು ಮುಗಿಸಿಬಿಡೋಣ, ಯಾಕೆಂದರೆ ಅದರಲ್ಲಿ ಚಿಂತೆಗೆ ಕಾರಣ ಕಾಣುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಬೆಳವಣಿಗೆಯ ಪಟ್ಟಿಯ ಪ್ರಕಾರ ಮೂರು ತುಂಬಿದ ಹೆಣ್ಣುಮಗುವಿನ ನಡುಮಟ್ಟದ ತೂಕ 13.9 ಕೆಜಿ, ಎತ್ತರ 95 ಸೆಂಟಿಮೀಟರ್. ನಡುಮಟ್ಟ ಅಂದರೆ ಅರ್ಧದಷ್ಟು ಆರೋಗ್ಯವಂತ ಮಕ್ಕಳು ಅದಕ್ಕಿಂತ ಕೆಳಗೇ ಇರುತ್ತಾರೆ ಅಂತ. ನಿಮ್ಮ ಮಗಳು ಆರಾಮಾಗಿ ಸಹಜ ಗೆರೆಗಳ ಒಳಗಿದ್ದಾಳೆ.

ಮಗು ಹುಟ್ಟಿದ ಮೊದಲ ವರ್ಷ ಸುಮಾರು 25 ಸೆಂಟಿಮೀಟರ್ ಉದ್ದವಾಗುತ್ತದೆ, ತೂಕ ಮೂರು ಪಟ್ಟಿನ ಹತ್ತಿರ ಬರುತ್ತದೆ. ಅದೇ ವೇಗದಲ್ಲಿ ಯಾವ ಮಗುವೂ ಮುಂದೆ ಬೆಳೆಯುವುದಿಲ್ಲ. ಎರಡನೇ ವರ್ಷ ಸುಮಾರು 12 ಸೆಂಟಿಮೀಟರ್, ಮೂರನೇ ವರ್ಷ ಎಂಟು ಒಂಬತ್ತು. ತೂಕವೂ ವರ್ಷಕ್ಕೆ ಎರಡು, ಎರಡೂವರೆ ಕೆಜಿ ಏರಿದರೆ ಸರಿಯಾಗೇ ಇದೆ. ಬೆಳವಣಿಗೆ ನಿಧಾನವಾದಾಗ ಹಸಿವೂ ಇಳಿಯುತ್ತದೆ. ಜೊತೆಗೆ ಓಡಾಟ ಜಾಸ್ತಿಯಾಗಿ ಕೂಸಿನ ಮೈಯ ಕೊಬ್ಬು ಕರಗುತ್ತದೆ, ಕೈಕಾಲು ನೀಳವಾಗುತ್ತವೆ. ನೀವು ಸಣ್ಣಗಾದಳು ಅನ್ನುತ್ತಿರುವುದು ಇದನ್ನೇ. ತಟ್ಟೆಗೆ ಏನು ಬಡಿಸಬೇಕು ಅನ್ನುವುದು ನಿಮ್ಮ ಕೆಲಸ, ಎಷ್ಟು ತಿನ್ನಬೇಕು ಅನ್ನುವುದು ಅವಳದ್ದು. ನಾಲ್ಕು ತುತ್ತಿಗೆ ಸಾಕು ಅಂದರೆ ಸಾಕು. ಅವಳ ಹಿಂದೆ ತಟ್ಟೆ ಹಿಡಿದು ಓಡಬೇಡಿ.

ಇದನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ತನಕ ಮಗುವನ್ನು ಮಲಗಿಸಿ ಅಳೆಯುತ್ತೇವೆ, ಆಮೇಲೆ ನಿಲ್ಲಿಸಿ. ನಿಂತಾಗಿನ ಅಳತೆ ಮಲಗಿದಾಗಿನದಕ್ಕಿಂತ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ. ಇದು ಗೊತ್ತಿಲ್ಲದೆ ‘ಮಗು ಬೆಳೆದೇ ಇಲ್ಲ’ ಅಂತ ಗಾಬರಿಯಾಗಿ ಬರುವ ಅಪ್ಪ ಅಮ್ಮಂದಿರು ಎಷ್ಟೋ ಜನ. ಅದರ ಮೇಲೆ ಮೂರು ವರ್ಷದ ಮಗು ಗೋಡೆಗೆ ಬೆನ್ನು ಹಚ್ಚಿ ನಿಲ್ಲುವುದೇ ಕಷ್ಟ. ಹಿಮ್ಮಡಿ ಎತ್ತುತ್ತದೆ, ತಲೆಯ ಮೇಲೆ ಇಟ್ಟ ಹಲಗೆ ನೋಡಲು ಕತ್ತು ಮೇಲೆತ್ತುತ್ತದೆ, ಹೊಟ್ಟೆ ಮುಂದೆ ಮಾಡಿ ನಗುತ್ತದೆ. ಒಂದು ಸೆಂಟಿಮೀಟರ್ ಆಚೀಚೆ ಆಗುವುದು ಅಲ್ಲೇ. ಹಾಗಾಗಿ ಒಂದು ದಿನದ ಅಳತೆ ನೋಡಬೇಡಿ, ಒಂದಾದ ಮೇಲೊಂದು ಅಳತೆಗಳು ಸೇರಿ ಮಾಡುವ ಗೆರೆಯನ್ನು ನೋಡಿ.

ಈಗ ಆ ‘ಕಿಕಟಿ’. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಟ್ಟಿದ್ದು ಅದೇ. ನಿಮಗೆ ಅಳು ಬಂದಿದ್ದು ತಪ್ಪಲ್ಲ, ದೌರ್ಬಲ್ಯವೂ ಅಲ್ಲ. ಮಗುವಿನ ಎತ್ತರ ಯಾವಾಗ ಹೆಚ್ಚಿತು ಅಂತ ಯಾರಿಗೂ ಕಾಣುವುದಿಲ್ಲ, ಬಟ್ಟೆ ಗಿಡ್ಡವಾದಾಗಲೇ ಗೊತ್ತಾಗುವುದು. ಮಾತು ಮಾತ್ರ ಕಿವಿಗೆ ಬಿದ್ದ ಕ್ಷಣವೇ ಬದಲಾವಣೆ ಹೇಳಿಬಿಡುತ್ತದೆ. ಅವತ್ತು ಬೆಳಿಗ್ಗೆ ನೀವು ಅವಳು ಬೆಳೆಯುವುದನ್ನು ಎದುರಿಗೇ ಕೇಳಿಸಿಕೊಂಡಿರಿ.

ಈ ವಯಸ್ಸಿನ ತಪ್ಪು ಮಾತುಗಳ ಮೇಲೆ ನನಗೆ ತುಂಬ ಗೌರವ. ಗಮನಿಸಿ ನೋಡಿ, ನಿಮ್ಮ ಮಗಳು ಈಗ ‘ನಾನು ತರಿದೆ’ ಅನ್ನಬಹುದು. ಯಾರೂ ಅವಳ ಎದುರು ಹಾಗೆ ಹೇಳಿರಲ್ಲ. ಓಡಿದೆ, ನೋಡಿದೆ, ಮಾಡಿದೆ ಕೇಳಿ ಕೇಳಿ ನಿಯಮವನ್ನು ತಾನೇ ಕಂಡುಕೊಂಡು, ‘ತರು’ ಅನ್ನುವುದಕ್ಕೂ ಹಚ್ಚಿರುತ್ತಾಳೆ. ಬರೀ ಅನುಕರಣೆ ಮಾಡುವವರಿಗೆ ಈ ತಪ್ಪು ಬರುವುದೇ ಇಲ್ಲ. ಹಾಗೇ ‘ನಾಳೆ ಹೋಗಿದ್ವಿ’ ಅನ್ನುತ್ತಾರೆ. ಇವತ್ತಲ್ಲದ ದಿನವೆಲ್ಲ ಅವರಿಗೆ ಸದ್ಯಕ್ಕೆ ಒಂದೇ. ನಕ್ಕು ತಿದ್ದಬೇಡಿ. ‘ಹೌದು, ನಿನ್ನೆ ಹೋಗಿದ್ವಲ್ಲ’ ಅಂತ ನೀವು ಸರಿಯಾಗಿ ಹೇಳಿದರೆ ಸಾಕು.

ಹುಟ್ಟುಹಬ್ಬವೂ ಅವರಿಗೆ ನಮಗಿದ್ದ ಹಾಗಲ್ಲ. ಹುಟ್ಟುಹಬ್ಬ ಮಾಡಿದ್ದರಿಂದಲೇ ವಯಸ್ಸು ಏರುತ್ತದೆ ಅಂತ ನಂಬುವ ಮಕ್ಕಳು ಮೂರು, ನಾಲ್ಕರ ವಯಸ್ಸಿನಲ್ಲಿ ತುಂಬ ಜನ. ಮಾರನೇ ದಿನ ಎದ್ದು ಬಾಗಿಲ ಚಿಲಕ ಎಟುಕುತ್ತಾ ಅಂತ ನೋಡಿ ಪೆಚ್ಚಾದರೆ ಎತ್ತಿಕೊಂಡು ಮುಟ್ಟಿಸಿ. ಸ್ವಲ್ಪಸ್ವಲ್ಪವೇ ಎಟುಕುತ್ತದೆ ಅಂತ ಹೇಳಿ.

ನೆನಪಿನ ಪ್ರಶ್ನೆಗೆ ಬರುತ್ತೇನೆ. ನೀವು ಕೇಳಿದ್ದು ಬಹುಮಟ್ಟಿಗೆ ನಿಜ. ದೊಡ್ಡವರಿಗೆ ಇರುವ ತೀರಾ ಹಳೆಯ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ ಆಸುಪಾಸಿನದು. ಹಾಗಂತ ಈಗ ಅವಳಿಗೆ ಏನೂ ನೆನಪಿಲ್ಲ ಅಂತಲ್ಲ. ಆರು ತಿಂಗಳ ಹಿಂದಿನದ್ದನ್ನು ಥಟ್ಟನೆ ಹೇಳಿ ನಿಮ್ಮನ್ನು ಬೆರಗಾಗಿಸಬಲ್ಲಳು. ಅವುಗಳಲ್ಲಿ ಬಹಳಷ್ಟು ಏಳೆಂಟು ವರ್ಷದ ಹೊತ್ತಿಗೆ ಮಾಸುತ್ತವೆ. ಮಾಸುವುದು ಘಟನೆಗಳು ಮಾತ್ರ. ನಡೆಯಲು ಕಲಿತದ್ದು ನಮಗ್ಯಾರಿಗೂ ನೆನಪಿಲ್ಲ, ಆದರೂ ನಡೀತೀವಲ್ಲ? ಅತ್ತರೆ ಅಮ್ಮ ಬರ್ತಾಳೆ, ಬಿದ್ದರೆ ಎತ್ತಿಕೊಳ್ಳುವವರಿದ್ದಾರೆ ಅನ್ನುವ ಧೈರ್ಯವೂ ಹೀಗೇ ಉಳಿಯುತ್ತದೆ. ನೀವು ರಾತ್ರಿ ನಿದ್ದೆಗೆಟ್ಟು ಕೂತದ್ದೆಲ್ಲ ಅಲ್ಲಿದೆ.

ಘಟನೆಗಳನ್ನೂ ಸ್ವಲ್ಪ ಉಳಿಸಿಕೊಡಬಹುದು. ಮಲಗುವ ಮೊದಲು ಅವತ್ತು ನಡೆದ ಒಂದು ಸಂಗತಿಯನ್ನು ಅವಳ ಜೊತೆ ಮಾತಾಡಿ. ‘ಮಳೆ ಬಂತಾ?’ ಅಂದರೆ ಹೂಂ ಅಂತಾಳೆ, ಮುಗಿಯಿತು. ‘ಮಳೆ ಬಂದಾಗ ನಾವೆಲ್ಲಿದ್ವಿ? ಆಮೇಲೆ ಏನಾಯ್ತು? ನಿಂಗೆ ಭಯ ಆಯ್ತಾ, ಖುಷಿ ಆಯ್ತಾ?’ ಅಂತ ಕೇಳಿ. ಅವಳು ಬಿಟ್ಟದ್ದನ್ನು ನೀವು ಸೇರಿಸಿ. ಹೀಗೆ ಬಿಡಿಸಿ ಬಿಡಿಸಿ ಮಾತಾಡುವ ಮನೆಯ ಮಕ್ಕಳು ತಮ್ಮ ಅನುಭವವನ್ನು ಹೆಚ್ಚು ವಿವರವಾಗಿ ಹೇಳುತ್ತಾರೆ ಅಂತ ಅಧ್ಯಯನಗಳು ತೋರಿಸಿವೆ.

ನಿಮಗಾಗಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಫೋಟೊ ಎಲ್ಲರೂ ತೆಗೀತಾರೆ, ಅದರಲ್ಲಿ ಮುಖ ಉಳಿಯುತ್ತದೆ. ಈ ವಾರ ಅವಳು ಕೇಳಿದ ಪ್ರಶ್ನೆ, ಯಾವ ಮೆಟ್ಟಿಲನ್ನು ಎರಡೂ ಕಾಲಿಟ್ಟು ಇಳಿಯುತ್ತಾಳೆ, ಸಿಟ್ಟು ಬಂದರೆ ಎಲ್ಲಿ ಹೋಗಿ ನಿಲ್ಲುತ್ತಾಳೆ, ಇವನ್ನು ಬರೆಯಿರಿ. ‘ಕಿಕಟಿ’ಯನ್ನು ಮೊದಲ ಪುಟದಲ್ಲೇ ಬರೆಯಿರಿ. ಚೆಂದದ ಅಕ್ಷರ, ದಿನಾ ಬರೆಯುವ ಶಿಸ್ತು ಏನೂ ಬೇಡ.

ಡಾಕ್ಟರ್ ಹತ್ತಿರ ಹೋಗಬೇಕಾದ್ದು ಯಾವಾಗ ಅಂತಲೂ ಹೇಳುತ್ತೇನೆ. ಮೂರು ತುಂಬಿದರೂ ಎರಡು ಮೂರು ಪದ ಸೇರಿಸಿ ಮಾತಾಡದಿದ್ದರೆ, ಕರೆದರೆ ತಿರುಗದಿದ್ದರೆ, ಪದೇಪದೇ ಮುಗ್ಗರಿಸಿದರೆ, ಬರುತ್ತಿದ್ದ ಮಾತೋ ಆಟವೋ ನಿಂತುಹೋದರೆ ತಡಮಾಡಬೇಡಿ. ನಿಮ್ಮ ಪತ್ರದಲ್ಲಿ ಅಂಥದ್ದು ಯಾವುದೂ ಇಲ್ಲ.

ಪ್ರಶ್ನೆ: ನಮ್ಮ ಮಗ ಎಂಟು ವಾರ ಮೊದಲೇ ಹುಟ್ಟಿದವನು. ಮೊದಲ ಹುಟ್ಟುಹಬ್ಬ ಬಂತು, ಇನ್ನೂ ಹಿಡಿದುಕೊಂಡು ನಿಲ್ಲುತ್ತಾನೆ ಅಷ್ಟೇ. ಬಂದವರೆಲ್ಲ ‘ಇನ್ನೂ ನಡೀತಿಲ್ವಾ?’ ಅಂತ ಕೇಳುತ್ತಾರೆ. ಏನು ಹೇಳಲಿ? (ಒಬ್ಬ ಅಪ್ಪ)

ಉತ್ತರ: ‘ಅವನಿಗೆ ಈಗ ಹತ್ತು ತಿಂಗಳು’ ಅನ್ನಿ. ಅದು ಸುಳ್ಳಲ್ಲ. ಅವಧಿಗೆ ಮೊದಲು ಹುಟ್ಟಿದ ಮಕ್ಕಳ ಬೆಳವಣಿಗೆ ನೋಡುವಾಗ ಎಷ್ಟು ವಾರ ಬೇಗ ಹುಟ್ಟಿದ್ದಾರೋ ಅಷ್ಟನ್ನು ವಯಸ್ಸಿನಲ್ಲಿ ಕಳೆಯುತ್ತೇವೆ. ಎರಡು ವರ್ಷದ ತನಕ ಈ ಲೆಕ್ಕ ಇಟ್ಟುಕೊಳ್ಳಿ. ಅವಧಿ ತುಂಬಿ ಹುಟ್ಟಿದ ಮಕ್ಕಳಲ್ಲೇ ಸ್ವಂತ ನಡಿಗೆ ಎಂಟು ತಿಂಗಳಿಂದ ಹದಿನೆಂಟು ತಿಂಗಳ ನಡುವೆ ಯಾವಾಗ ಬೇಕಾದರೂ ಬರಬಹುದು. ಹತ್ತು ತಿಂಗಳಿಗೆ ಹಿಡಿದು ನಿಲ್ಲುವುದು ಒಳ್ಳೆಯ ಪ್ರಗತಿ. ವಾಕರ್ ತರಬೇಡಿ, ಅದರಿಂದ ನಡಿಗೆ ಬೇಗ ಬರುವುದಿಲ್ಲ, ಬಿದ್ದು ಪೆಟ್ಟಾಗುವ ಅಪಾಯ ಜಾಸ್ತಿ. ನೆಲದ ಮೇಲೆ ಬರಿಗಾಲಲ್ಲಿ ಆಡಲು ಬಿಡಿ. ಲಸಿಕೆಗೆ ಮಾತ್ರ ಈ ಕಳೆಯುವ ಲೆಕ್ಕ ಇಲ್ಲ, ಅದು ಹುಟ್ಟಿದ ತಾರೀಖಿನ ಪ್ರಕಾರವೇ ಹಾಕಿಸಬೇಕು. ಒಂದು ವರ್ಷದ ಭೇಟಿ ಬಾಕಿ ಇದ್ದರೆ ಈ ವಾರವೇ ಮುಗಿಸಿ, ಹೋಗುವಾಗ ಎಷ್ಟು ವಾರಕ್ಕೆ ಹುಟ್ಟಿದ ಅನ್ನುವ ಚೀಟಿ ಜೊತೆಗಿರಲಿ.